ವೀವರ್ಸ್ ಹಾಡಿದ ಜಾಗಗಳು: ಮ್ಯಾನ್‌ಹಟನ್‌ನಿಂದ ಹಡ್ಸನ್ ದಡಕ್ಕೆ

1950ರಲ್ಲಿ ಅಮೆರಿಕದ ಜನರ ಬಾಯಲ್ಲೆಲ್ಲ ಒಂದೇ ಹಾಡು: ‘ಗುಡ್‌ನೈಟ್ ಐರೀನ್’. ಹಾಡಿದ್ದು ವೀವರ್ಸ್ ಅನ್ನುವ ನಾಲ್ವರ ಜಾನಪದ ಹಾಡಿನ ತಂಡ. ಪೀಟ್ ಸೀಗರ್, ಲೀ ಹೇಸ್, ರಾನಿ ಗಿಲ್ಬರ್ಟ್, ಫ್ರೆಡ್ ಹೆಲ್ಲರ್‌ಮನ್. 13 ವಾರ ಆ ಹಾಡು ಮೊದಲ ಸ್ಥಾನ ಬಿಟ್ಟು ಕೆಳಗಿಳಿಯಲಿಲ್ಲ. ಅಷ್ಟು ಹೆಸರು ಮಾಡಿದ ತಂಡಕ್ಕೆ 1952 ಮುಗಿಯುವಷ್ಟರಲ್ಲಿ ಹಾಡುವುದಕ್ಕೆ ಜಾಗವೇ ಸಿಗದ ಹಾಗಾಯಿತು. ಯಾವ ಕೋರ್ಟೂ ಅವರನ್ನು ನಿಷೇಧಿಸಿರಲಿಲ್ಲ. ಒಂದು ಫೋನು, ಒಂದು ಕಾಗದ, ಒಬ್ಬ ಮ್ಯಾನೇಜರನ ಹೆದರಿಕೆ, ಅಷ್ಟರಲ್ಲೇ ಒಂದೊಂದು ಬಾಗಿಲೂ ಮುಚ್ಚಿತ್ತು.

ಈ ನಾಲ್ವರನ್ನು ನಾನು ವರ್ಷಗಟ್ಟಲೆ ಕೇಳಿದ್ದೇನೆ. ಅಕ್ಟೋಬರ್‌ನಲ್ಲಿ ಜರ್ಸಿ ಸಿಟಿಯ ಅಕ್ಕನ ಮಗಳ ಮನೆಗೆ ಹೋದಾಗ, ಸೋಮವಾರ ಕೊಲಂಬಸ್ ದಿನದ ರಜೆ ಇದೆ, ಶುಕ್ರವಾರವೂ ರಜೆ ಹಾಕ್ತೀನಿ ಅಂದಳು. “ನಯಾಗರಾಗೆ ಹೋಗೋಣ್ವಾ ಚಿಕ್ಕಮ್ಮ?” ಅಂತಲೂ ಕೇಳಿದಳು. ನಾನು ಅವಳ ಕೈಗೆ ವೀವರ್ಸ್ ಹಾಡಿದ ಜಾಗಗಳ ಪಟ್ಟಿ ಕೊಟ್ಟೆ. ಓದಿ, “ಎಲ್ಲಾ ರೈಲಲ್ಲೇ ಆಗುತ್ತೆ, ಬಾ” ಅಂದಳು.

ಶುಕ್ರವಾರ: ಗ್ರೀನ್‌ವಿಚ್ ವಿಲೇಜ್

ಜರ್ಸಿ ಸಿಟಿಯಿಂದ ಪಾಥ್ ರೈಲು ಹಿಡಿದರೆ ನದಿಯ ಅಡಿಯಿಂದ ಹಾದು ಕ್ರಿಸ್ಟೋಫರ್ ಸ್ಟ್ರೀಟ್ ಸ್ಟೇಷನ್ನಿಗೆ ಸ್ವಲ್ಪವೇ ಹೊತ್ತು. ಮ್ಯಾನ್‌ಹಟನ್ನಿನ ಉಳಿದ ಕಡೆ ಬೀದಿಗಳು ಗೆರೆ ಎಳೆದ ಹಾಗೆ ಇರುತ್ತವೆ. ಇಲ್ಲಿ ಹಾಗಿಲ್ಲ. 4ನೇ ಬೀದಿ ಎಲ್ಲೋ ತಿರುಗಿಕೊಂಡು ಹೋಗಿ 10ನೇ ಬೀದಿಯನ್ನೇ ಅಡ್ಡ ದಾಟುತ್ತದೆ. ಫೋನು ಜೇಬಿನಲ್ಲಿಟ್ಟು ದಾರಿಹೋಕರನ್ನು ಕೇಳುವುದೇ ಸುಲಭ. ಫುಟ್‌ಪಾತಿನ ಮೇಲೆ ಗಿಂಕೋ ಮರದ ಹಣ್ಣುಗಳು ಬಿದ್ದು, ತುಳಿದಲ್ಲೆಲ್ಲ ಕೆಟ್ಟ ವಾಸನೆ. ಅಕ್ಟೋಬರಿನಲ್ಲಿ ಹೋಗುವವರು ಒಳ್ಳೆ ಚಪ್ಪಲಿ ಹಾಕಬೇಡಿ.

ಪಶ್ಚಿಮ 10ನೇ ಬೀದಿಯ 130ನೇ ನಂಬರಿನ ಎದುರು ಸ್ವಲ್ಪ ಹೊತ್ತು ನಿಂತೆವು. ವೀವರ್ಸ್ ಹುಟ್ಟುವ ಮೊದಲು, 1941ರಲ್ಲಿ, ಸೀಗರ್, ಹೇಸ್, ಜಾನಪದ ಹಾಡುಗಾರ ವುಡಿ ಗಥ್ರಿ ಮತ್ತು ಗೆಳೆಯರು ಆಲ್ಮನಾಕ್ ಸಿಂಗರ್ಸ್ ಅಂತ ತಂಡ ಕಟ್ಟಿಕೊಂಡು ಇಲ್ಲಿ ಒಟ್ಟಿಗೆ ಬಾಡಿಗೆಗಿದ್ದರು. ಬಾಡಿಗೆಗೆ ದುಡ್ಡು ಸಾಲದೆ ಭಾನುವಾರ ಮಧ್ಯಾಹ್ನ ಹಾಡಿನ ಕೂಟ ನಡೆಸುತ್ತಿದ್ದರು. ಬಂದವರು ತಲೆಗೆ 35 ಸೆಂಟ್ ಕೊಡಬೇಕು. ಕಾರ್ಮಿಕ ಸಂಘಗಳ ಸಭೆಗಳಲ್ಲಿ ಹಾಡಿ, ಸಿಕ್ಕಿದ್ದನ್ನು ಹಂಚಿಕೊಂಡು ತಿನ್ನುತ್ತಿದ್ದವರು. ಆ ರಾಜಕೀಯವೇ ಹತ್ತು ವರ್ಷ ಬಿಟ್ಟು ಅವರ ಬೆನ್ನು ಹತ್ತಿತು.

ಅಲ್ಲಿಂದ ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿಗೆ ನಡೆದೇ ಹೋಗಬಹುದು. ಕಾರಂಜಿಯ ಸುತ್ತ ಕಾಲೇಜು ಹುಡುಗರು, ಚೆಸ್ ಆಡುವವರು, ಅಳಿಲುಗಳು. 1940ರ ದಶಕದಿಂದ ಭಾನುವಾರಗಳಲ್ಲಿ ಇಲ್ಲಿ ಜಾನಪದ ಹಾಡುಗಾರರು ಸೇರುತ್ತಿದ್ದರು. 1961ರಲ್ಲಿ ನಗರಾಡಳಿತ ಅನುಮತಿ ಕೊಡುವುದಿಲ್ಲ ಅಂದಿತು. ಏಪ್ರಿಲ್ 9ರಂದು ಗಿಟಾರು, ಬ್ಯಾಂಜೊ ಹಿಡಿದವರೆಲ್ಲ ಬಂದು ಇದೇ ಕಾರಂಜಿಯ ಹತ್ತಿರ ಪ್ರತಿಭಟಿಸಿದರು. ಪೊಲೀಸರು ತಳ್ಳಾಡಿದರು, ಹಿಡಿದುಕೊಂಡು ಹೋದರು. ಕೆಲವೇ ವಾರಗಳಲ್ಲಿ ಹಾಡಲು ಮತ್ತೆ ಅನುಮತಿ ಸಿಕ್ಕಿತು.

ಪಾರ್ಕಿನ ದಕ್ಷಿಣದ ಬದಿಯಲ್ಲಿ ಶ್ರೀಲಂಕಾದ ತಮಿಳರೊಬ್ಬರ ದೋಸೆ ಗಾಡಿ ಇದೆ. ಸಾಲು ಉದ್ದ ಇತ್ತು, ಆದರೂ ನಿಂತೆವು. ಬಿಸಿ ಮಸಾಲೆ ದೋಸೆ, ಪೇಪರ್ ತಟ್ಟೆ, ಚಟ್ನಿ ಖಾರ. ಬೆಂಚಿನ ಮೇಲೆ ಕೂತು ತಿನ್ನುವಾಗ ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು ಬ್ಯಾಂಜೊ ಶ್ರುತಿ ಮಾಡುತ್ತಿದ್ದರು. ಅದರ ಕತ್ತು ಮಾಮೂಲಿಗಿಂತ ಉದ್ದ. “ಸೀಗರ್ ಬ್ಯಾಂಜೊ ಅಲ್ವಾ?” ಅಂದೆ. ಅವರ ಮುಖ ಅರಳಿತು. ಹಾಡುವವರ ದನಿ ತಗ್ಗಿದ್ದರೂ ಜೊತೆಗೆ ನುಡಿಸಲಿಕ್ಕಾಗಲಿ ಅಂತ ಸೀಗರ್ ಬ್ಯಾಂಜೊದ ಕತ್ತಿಗೆ, ವೀಣೆಗಿರುವಂಥ ಮೆಟ್ಟು, ಮೂರು ಜಾಸ್ತಿ ಸೇರಿಸಿದ್ದರು. ಆ ಹೆಂಗಸು ಆ ಮೂರು ಮೆಟ್ಟುಗಳನ್ನು ಬೆರಳಿಟ್ಟು ತೋರಿಸಿದರು. ತಂತಿ ಒತ್ತಿ ಒತ್ತಿ ಅವರ ಎಡಗೈ ಬೆರಳ ತುದಿಗಳು ಗಟ್ಟಿಯಾಗಿ ಹೊಳೆಯುತ್ತಿದ್ದವು.

“ವೀವರ್ಸ್ ಹಾಡಿದ್ದನ್ನು ನಾನು ಕಾರ್ನೆಗಿ ಹಾಲಿನಲ್ಲಿ ಕೇಳಿದ್ದೇನೆ, 1955ರಲ್ಲಿ. ಅಪ್ಪ ಕರೆದುಕೊಂಡು ಹೋಗಿದ್ದರು. ನನಗೆ ಆಗ ಒಂಬತ್ತು ವರ್ಷ” ಅಂದರು. ಏನು ನೆನಪಿದೆ ಅಂತ ಕೇಳಿದೆ. “ಅಪ್ಪ ಹಾಡಿದ್ದು. ನಮ್ಮಪ್ಪ ಯಾವತ್ತೂ ಹಾಡಿದವರಲ್ಲ.”

ಮಧ್ಯಾಹ್ನ ಮ್ಯಾಕ್‌ಡೂಗಲ್ ಬೀದಿಯಲ್ಲಿ ಅಡ್ಡಾಡಿದೆವು. ಸೀಗರ್ ಅವರ ಹೆಂಡತಿ ತೋಷಿಯ ತಂದೆ ತಾಯಿಯ ಮನೆ ಇದ್ದದ್ದು ಇಲ್ಲೇ. ವೀವರ್ಸ್ ತಂಡ ಕಟ್ಟಿದ್ದು 1948ರ ಕೊನೆಯಲ್ಲಿ. ಹೇಸ್ ಆರ್ಕನ್ಸಾ ರಾಜ್ಯದ ಪಾದ್ರಿಯ ಮಗ, ದಪ್ಪ ದೇಹ, ನೆಲದಿಂದ ಎದ್ದ ಹಾಗಿನ ದನಿ. ಗಿಲ್ಬರ್ಟ್ ಮತ್ತು ಹೆಲ್ಲರ್‌ಮನ್ ಬ್ರೂಕ್ಲಿನ್‌ನವರು, ಇನ್ನೂ ಇಪ್ಪತ್ತರ ಆಸುಪಾಸು. ಸೈಲೀಷಿಯಾದ ನೇಕಾರರ ದಂಗೆಯ ಬಗ್ಗೆ ಗೆರ್ಹಾರ್ಟ್ ಹಾಪ್ಟ್‌ಮನ್ ಬರೆದ ಜರ್ಮನ್ ನಾಟಕದಿಂದ ಹೆಸರು ತೆಗೆದುಕೊಂಡರು. ಒಂದು ವರ್ಷ ಎಲ್ಲೂ ಸಂಪಾದನೆ ಇಲ್ಲ. ಬಿಟ್ಟುಬಿಡೋಣ ಅನ್ನುವ ಹೊತ್ತಿಗೆ 1949ರ ಕ್ರಿಸ್ಮಸ್ ಸಮಯದಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಅನ್ನುವ ಕ್ಲಬ್ಬಿನ ಮಾಲೀಕ ಮ್ಯಾಕ್ಸ್ ಗಾರ್ಡನ್ ಕರೆದರು. ವಾರಕ್ಕೆ 200 ಡಾಲರ್, ನಾಲ್ವರಿಗೂ ಸೇರಿ. ಜೊತೆಗೆ ಹ್ಯಾಂಬರ್ಗರ್ ಉಚಿತ.

ವ್ಯಾನ್‌ಗಾರ್ಡ್ ಈಗಲೂ 7ನೇ ಅವೆನ್ಯೂದ ಅದೇ ನೆಲಮಾಳಿಗೆಯಲ್ಲಿದೆ. ಈಗ ಬರೀ ಜಾಜ್. ಟಿಕೆಟ್ ಮೊದಲೇ ಮಾಡಿಸಬೇಕು, ಊಟ ಸಿಗುವುದಿಲ್ಲ, ಹಸಿದುಕೊಂಡು ಹೋಗಬೇಡಿ. ಕೆಂಪು ಚಪ್ಪರದ ಕೆಳಗೆ ಕಿರಿದಾದ ಬಾಗಿಲು, ಕಡಿದಾದ ಮೆಟ್ಟಿಲು. ಕೆಳಗಿಳಿದರೆ ತುದಿಗೆ ಹೋಗುತ್ತ ಕಿರಿದಾಗುವ ಕೋಣೆ, ಆ ಕಿರಿದಾದ ತುದಿಯಲ್ಲಿ ಪುಟ್ಟ ವೇದಿಕೆ. ನಮ್ಮ ಊರಿನ ಮದುವೆ ಛತ್ರದ ಊಟದ ಹಾಲ್ ಕೂಡ ಇದಕ್ಕಿಂತ ಎಷ್ಟೋ ದೊಡ್ಡದು. ಇಲ್ಲಿ ಆರು ತಿಂಗಳು ಹಾಡಿದರು. ಇಲ್ಲಿ ಕೇಳಿಯೇ ಗಾರ್ಡನ್ ಜೆಂಕಿನ್ಸ್ ಅನ್ನುವ ಸಂಗೀತ ನಿರ್ದೇಶಕರು ಈ ನಾಲ್ವರನ್ನು ಡೆಕ್ಕಾ ಅನ್ನುವ ರೆಕಾರ್ಡ್ ಕಂಪನಿಗೆ ಕರೆದುಕೊಂಡು ಹೋದದ್ದು. ಜಾಜ್ ಚೆನ್ನಾಗಿತ್ತು, ಆದರೆ ನನ್ನ ಕಣ್ಣು ವೇದಿಕೆಯ ಅಗಲವನ್ನೇ ಅಳೆಯುತ್ತಿತ್ತು. ಲೀ ಹೇಸ್ ಒಬ್ಬರೇ ನಿಂತರೂ ಅರ್ಧ ಜಾಗ ಹೋಗುತ್ತಿತ್ತು.

‘ಗುಡ್‌ನೈಟ್ ಐರೀನ್’ ಅವರು ಬರೆದ ಹಾಡಲ್ಲ. ಲೆಡ್‌ಬೆಲ್ಲಿ ಅನ್ನುವ ಕಪ್ಪು ಗಾಯಕನಿಂದ ಕಲಿತದ್ದು. ಲೂಯಿಸಿಯಾನಾದ ಅಂಗೋಲಾ ಜೈಲಿನಲ್ಲಿದ್ದಾಗ 1933ರಲ್ಲಿ ಜಾನಪದ ಹಾಡು ಸಂಗ್ರಹಿಸುತ್ತಿದ್ದ ಲೋಮ್ಯಾಕ್ಸ್ ತಂದೆ ಮಗ ಅವರ ದನಿಯನ್ನು ಮೊದಲು ರೆಕಾರ್ಡ್ ಮಾಡಿಕೊಂಡಿದ್ದರು. ಲೆಡ್‌ಬೆಲ್ಲಿ 1949ರ ಡಿಸೆಂಬರ್ 6ರಂದು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಾಡು ಗೆದ್ದದ್ದು ಮುಂದಿನ ವರ್ಷ. ಇನ್ನು ಕೆಲವೇ ತಿಂಗಳು ಬದುಕಿದ್ದರೆ ತಮ್ಮ ಹಾಡು ಇಡೀ ದೇಶ ಹಾಡುವುದನ್ನು ಕೇಳುತ್ತಿದ್ದರು. ಈ ವಿಷಯ ನನ್ನನ್ನು ಯಾವಾಗಲೂ ಕಾಡುತ್ತದೆ. ವೀವರ್ಸ್ ಹಾಡಿದ ಇನ್ನೊಂದು ಹಾಡು ‘ವಿಮೋವೆ’ಯದು ಇನ್ನೂ ದೊಡ್ಡ ಅನ್ಯಾಯ. ಅದರ ಮೂಲ, ಜೋಹಾನ್ಸ್‌ಬರ್ಗಿನಲ್ಲಿ ಸಾಲೊಮನ್ ಲಿಂಡಾ 1939ರಲ್ಲಿ ಹಾಡಿದ ‘ಎಂಬೂಬೆ’. ಆ ರಾಗ ಆಮೇಲೆ ಜಗತ್ತನ್ನೆಲ್ಲ ಸುತ್ತಿತು. ಲಿಂಡಾ ಬಡವರಾಗಿಯೇ 1962ರಲ್ಲಿ ಸತ್ತರು. ಕುಟುಂಬಕ್ಕೆ ನ್ಯಾಯ ಸಿಗಲು 2006ರವರೆಗೆ ಕಾಯಬೇಕಾಯಿತು. ಸೀಗರ್ ಸಾವಿರ ಡಾಲರ್ ಕಳಿಸಿದ್ದರು ನಿಜ. ಆದರೆ ಕಂಪನಿಗಳು ಗಳಿಸಿದ್ದರ ಮುಂದೆ ಅದೆಷ್ಟು? ವೀವರ್ಸ್ ಬಗ್ಗೆ ಪ್ರೀತಿಯಿಂದ ಮಾತಾಡುವಾಗ ಈ ಇಬ್ಬರ ಹೆಸರು ಬಿಟ್ಟು ಮಾತಾಡಬಾರದು ಅನ್ನುವುದು ನನ್ನ ಪಟ್ಟು.

ಶನಿವಾರ: ಮಳೆ, ಕಾರ್ನೆಗಿ ಹಾಲ್

ಬೆಳಿಗ್ಗೆಯಿಂದ ಜೋರು ಮಳೆ. 57ನೇ ಬೀದಿಯ ಮೂಲೆ ತಿರುಗುತ್ತಿದ್ದ ಹಾಗೆ ಗಾಳಿ ನುಗ್ಗಿ ನನ್ನ ಛತ್ರಿ ಹಿಂದುಮುಂದಾಗಿ ಎರಡು ಕಡ್ಡಿ ಮುರಿಯಿತು. ಅಲ್ಲೇ ಪಕ್ಕದ ಕಸದ ಬುಟ್ಟಿಯಲ್ಲಿ ಅಂಥ ಛತ್ರಿಗಳು ಆಗಲೇ ಗುಡ್ಡೆ ಬಿದ್ದಿದ್ದವು. ಗಾಡಿಯವನ ಹತ್ತಿರ ಬಿಸಿ ಬೇಗಲ್ ತಗೊಂಡು, ಕೋಟಿನ ಒಳಗೆ ಮುಚ್ಚಿಟ್ಟುಕೊಂಡು ಓಡಿದೆವು.

ಕಾರ್ನೆಗಿ ಹಾಲ್ ತೆರೆದದ್ದು 1891ರಲ್ಲಿ. ಮೊದಲ ದಿನಗಳ ಕಚೇರಿಯಲ್ಲಿ ಚೈಕೋವ್‌ಸ್ಕಿ ಬಂದು ವಾದ್ಯಮೇಳ ನಡೆಸಿದ್ದರು. 1960ರಲ್ಲಿ ಕೆಡವಲು ಹೊರಟಿದ್ದರು. ಪಿಟೀಲುವಾದಕ ಐಸಾಕ್ ಸ್ಟರ್ನ್ ಮತ್ತು ಜೊತೆಗಾರರು ಓಡಾಡಿ ಉಳಿಸಿದರು, ನಗರವೇ 50 ಲಕ್ಷ ಡಾಲರ್‌ಗೆ ಕೊಂಡಿತು. ಗೈಡ್ ಜೊತೆಗಿನ ಸುತ್ತಾಟಕ್ಕೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಕಚೇರಿಯ ರಿಹರ್ಸಲ್ ಇದ್ದ ದಿನ ಒಳಗೆ ಬಿಡದೇ ಇರಬಹುದು, ಆದ್ದರಿಂದ ಹೊರಡುವ ಮೊದಲು ವೇಳಾಪಟ್ಟಿ ನೋಡಿಕೊಳ್ಳಿ. ಎರಡನೇ ಮಹಡಿಯ ರೋಸ್ ಮ್ಯೂಸಿಯಂಗೆ ದುಡ್ಡಿಲ್ಲ. ವಾದ್ಯಮೇಳ ನಡೆಸುವಾಗ ಟೊಸ್ಕಾನಿನಿ ಹಿಡಿದ ಕೋಲು, ಬೆನ್ನಿ ಗುಡ್‌ಮನ್ ಊದಿದ ಕ್ಲಾರಿನೆಟ್ ಅಲ್ಲಿವೆ.

ದೊಡ್ಡ ಹಾಲಿನೊಳಗೆ ಕಾಲಿಟ್ಟಾಗ ಮಾತು ನಿಂತುಹೋಯಿತು. ಕೆನೆ ಬಣ್ಣ, ಚಿನ್ನದ ಅಂಚು, ಕೆಂಪು ಸೀಟುಗಳು, ಒಂದರ ಮೇಲೊಂದು ಬಾಲ್ಕನಿ. ಸುಮಾರು 2,800 ಜನ ಹಿಡಿಸುತ್ತಾರೆ. ನಿನ್ನೆ ರಾತ್ರಿಯ ನೆಲಮಾಳಿಗೆ ಇನ್ನೂ ಕಣ್ಣಲ್ಲೇ ಇತ್ತು.

ಈ ನಡುವೆ ಏನಾಯಿತು ಅಂತ ಅಕ್ಕನ ಮಗಳಿಗೆ ಬಾಲ್ಕನಿಯ ಮೆಟ್ಟಿಲ ಮೇಲೆ ಕೂತು ಹೇಳಿದೆ. 1950ರ ಜೂನ್‌ನಲ್ಲಿ ‘ರೆಡ್ ಚಾನೆಲ್ಸ್’ ಅನ್ನುವ ಪುಸ್ತಿಕೆ ಬಂತು. ರೇಡಿಯೋ, ಟಿವಿಯಲ್ಲಿ ಕೆಲಸ ಮಾಡುವ, ಕಮ್ಯುನಿಸ್ಟ್ ನಂಟಿದೆ ಅಂತ ಅನುಮಾನ ಇದ್ದವರ ಪಟ್ಟಿ. ಅದರಲ್ಲಿ ಸೀಗರ್ ಹೆಸರಿತ್ತು. ಮರುವರ್ಷ ಒಹಾಯೋ ರಾಜ್ಯದ ಜಾತ್ರೆಗೆ ಕರೆದಿದ್ದವರು ಬರಬೇಡಿ ಅಂದರು. 1952ರಲ್ಲಿ ಹಾರ್ವಿ ಮಾಟುಸೋ ಅನ್ನುವವನು ಇವರು ಕಮ್ಯುನಿಸ್ಟರು ಅಂತ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದ. ಮುಂದೆ ಅವನೇ ತಾನು ಸುಳ್ಳು ಸಾಕ್ಷಿ ಹೇಳುತ್ತಿದ್ದೆ ಅಂತ ಒಪ್ಪಿಕೊಂಡು ಜೈಲಿಗೂ ಹೋದ. ಅಷ್ಟರಲ್ಲಿ ಆಗಬೇಕಾದದ್ದೆಲ್ಲ ಆಗಿಹೋಗಿತ್ತು. ರೇಡಿಯೋದವರು ಹಾಡು ಹಾಕುವುದು ಬಿಟ್ಟರು, ಕ್ಲಬ್ಬಿನವರು ಫೋನ್ ಎತ್ತುವುದು ಬಿಟ್ಟರು, ಡೆಕ್ಕಾ ಕೈಬಿಟ್ಟಿತು.

“ಜನ ಕೇಳ್ತಿದ್ರಲ್ವಾ? ಅವ್ರು ಸುಮ್ನಿದ್ರಾ?” ಅಂದಳು.

ಜನ ಸುಮ್ಮನಿದ್ದರು. ಯಾರಿಗೂ ತಮ್ಮ ಕೆಲಸ ಕಳೆದುಕೊಳ್ಳುವ ಧೈರ್ಯ ಇರಲಿಲ್ಲ. ಒಬ್ಬೊಬ್ಬರದೂ ಸಣ್ಣ ಹೆದರಿಕೆ, ಎಲ್ಲ ಕೂಡಿ ದೊಡ್ಡ ಬೀಗ.

ಬೀಗ ಮೊದಲು ಅಲುಗಾಡಿಸಿದ್ದು ತಂಡದ ಮ್ಯಾನೇಜರ್ ಹೆರಾಲ್ಡ್ ಲೆವೆಂಥಾಲ್. ನಮಗೂ ಅವರಿಗೂ ಒಂದು ನಂಟಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ ಸೈನ್ಯದ ಜೊತೆ ಭಾರತದಲ್ಲಿದ್ದಾಗ ನೆಹರೂ ಅವರನ್ನೂ ಗಾಂಧೀಜಿಯನ್ನೂ ಭೇಟಿ ಮಾಡಿ ಬಂದವರು. 1955ರ ಆಗಸ್ಟ್ 18ರಂದು ಸೀಗರ್ ಸಂಸತ್ತಿನ ಸಮಿತಿಯ ಮುಂದೆ ಹಾಜರಾಗಿ, ನನ್ನ ನಂಬಿಕೆ, ನನ್ನ ರಾಜಕೀಯ ಕೇಳುವ ಹಕ್ಕು ನಿಮಗಿಲ್ಲ, ಬೇಕಾದರೆ ಹಾಡಿ ತೋರಿಸುತ್ತೇನೆ ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟು ಬಂದಿದ್ದರು. ಜೈಲಿನ ಕತ್ತಿ ತಲೆ ಮೇಲಿತ್ತು. ಅಂಥ ಹೊತ್ತಲ್ಲಿ ಲೆವೆಂಥಾಲ್ ಈ ಹಾಲನ್ನು ಬಾಡಿಗೆಗೆ ತಗೊಂಡು, ಡಿಸೆಂಬರ್ 24ರ ಸಂಜೆ ವೀವರ್ಸ್ ಹಾಡುತ್ತಾರೆ ಅಂತ ಸಾರಿದರು. ಕ್ರಿಸ್ಮಸ್ ಹಿಂದಿನ ರಾತ್ರಿ ಯಾರು ಮನೆ ಬಿಟ್ಟು ಬರುತ್ತಾರೆ ಹೇಳಿ? ಟಿಕೆಟ್ ಒಂದೂ ಉಳಿಯಲಿಲ್ಲ.

ಆ ರಾತ್ರಿಯ ರೆಕಾರ್ಡಿಂಗನ್ನು 1957ರಲ್ಲಿ ವ್ಯಾನ್‌ಗಾರ್ಡ್ ಅನ್ನುವ ರೆಕಾರ್ಡ್ ಕಂಪನಿ (ಆ ಕ್ಲಬ್ಬಲ್ಲ) ಹೊರತಂದಿತು. ಕೇಳಿದರೆ ಗೊತ್ತಾಗುತ್ತದೆ, ‘ಗುಡ್‌ನೈಟ್ ಐರೀನ್’ ಹೊತ್ತಿಗೆ ಹಾಲ್ ಪೂರ್ತಿ ಹಾಡುತ್ತಿದೆ. ಪಾರ್ಕಿನ ಅಜ್ಜಿಯ ಅಪ್ಪನೂ ಆ ದನಿಯಲ್ಲಿ ಎಲ್ಲೋ ಇದ್ದಾರೆ. ಆ ರೆಕಾರ್ಡು ಕೇಳಿಕೊಂಡು ಬೆಳೆದವರೇ ಮುಂದಿನ ಹತ್ತು ವರ್ಷ ಗಿಟಾರ್ ಹಿಡಿದು ಬೀದಿಗೆ ಬಂದರು. ಸೀಗರ್‌ಗೆ 1961ರಲ್ಲಿ ಒಂದು ವರ್ಷದ ಜೈಲು ಶಿಕ್ಷೆ ಆಯಿತು, 1962ರ ಮೇಲ್ಮನವಿಯಲ್ಲಿ ರದ್ದಾಯಿತು. ಅಷ್ಟರಲ್ಲಿ ಅವರು ತಂಡ ಬಿಟ್ಟಾಗಿತ್ತು. 1958ರಲ್ಲಿ ಉಳಿದ ಮೂವರು ಒಂದು ಸಿಗರೇಟ್ ಜಾಹೀರಾತಿಗೆ ಹಾಡಲು ಒಪ್ಪಿದರು. ಸೀಗರ್ ಮನಸ್ಸಿಲ್ಲದೆ ಹಾಡಿ, ಆಮೇಲೆ ಹೊರನಡೆದರು. ಅವರ ಜಾಗಕ್ಕೆ ಎರಿಕ್ ಡಾರ್ಲಿಂಗ್, ಆಮೇಲೆ ಫ್ರಾಂಕ್ ಹ್ಯಾಮಿಲ್ಟನ್, ಬರ್ನಿ ಕ್ರೌಸ್ ಬಂದರು. 1964ರಲ್ಲಿ ತಂಡ ನಿಂತಿತು.

ಹೊರಗೆ ಬಂದಾಗಲೂ ಮಳೆ. ಶೂ ಒಳಗೆಲ್ಲ ನೀರು. ಮನೆಗೆ ಹೋಗಿ ಅವಳು ಮೆಣಸಿನ ಸಾರು ಮಾಡಿದಳು.

ಭಾನುವಾರ: ಬೀಕನ್

ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ನಿಂದ ಹಡ್ಸನ್ ನದಿ ದಡದ ಊರು ಬೀಕನ್‌ಗೆ ಹಡ್ಸನ್ ಲೈನ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಟಿಕೆಟ್ ಮೊದಲೇ ತಗೊಳ್ಳಿ, ರೈಲಿನಲ್ಲಿ ತಗೊಂಡರೆ ದುಬಾರಿ. ಎಡಗಡೆ ಕಿಟಕಿಯಲ್ಲಿ ಕೂರಿ, ಉದ್ದಕ್ಕೂ ನದಿ ಕಾಣುತ್ತದೆ. ಮಳೆ ನಿಂತು ಆಕಾಶ ತೊಳೆದಿಟ್ಟಿತ್ತು. ಆಚೆ ದಡದ ಬೆಟ್ಟಗಳಲ್ಲಿ ಮೇಪಲ್ ಮರಗಳು ಕೆಂಪು, ಓಕ್ ಮರಗಳು ಇನ್ನೂ ಕಂದುಹಸಿರು. ಆಸಿನಿಂಗ್ ಹತ್ತಿರ ರೈಲು ಸಿಂಗ್ ಸಿಂಗ್ ಜೈಲಿನ ಗೋಡೆಗಳ ನಡುವೆಯೇ ಹಾದುಹೋಗುತ್ತದೆ. ರಷ್ಯಾದ ಪರ ಬೇಹುಗಾರಿಕೆ ಮಾಡಿದ ಆರೋಪಕ್ಕೆ ಜೂಲಿಯಸ್ ಮತ್ತು ಎಥೆಲ್ ರೋಸನ್‌ಬರ್ಗ್ ದಂಪತಿಗೆ 1953ರ ಜೂನ್ 19ರಂದು ಮರಣದಂಡನೆ ಕೊಟ್ಟದ್ದು ಇಲ್ಲಿ. ವೀವರ್ಸ್ ಸುಮ್ಮನಾದದ್ದು ಎಂಥ ಕಾಲದಲ್ಲಿ ಅನ್ನುವುದು ಆ ಗೋಡೆ ನೋಡಿದಾಗ ಚೆನ್ನಾಗಿ ಅರ್ಥವಾಯಿತು.

1949ರಲ್ಲಿ ಸೀಗರ್ ಮತ್ತು ತೋಷಿ ಬೀಕನ್ ಪಕ್ಕದ ಬೆಟ್ಟದ ಮೇಲೆ ಜಾಗ ಕೊಂಡು, ಮರದ ದಿಮ್ಮಿಗಳಿಂದ ತಾವೇ ಮನೆ ಕಟ್ಟಿಕೊಂಡರು. ಸಾಯುವವರೆಗೂ ಅಲ್ಲೇ ಇದ್ದರು. ಅದು ಖಾಸಗಿ ಜಾಗ, ಹುಡುಕಿಕೊಂಡು ಹೋಗುವುದು ಸರಿಯಲ್ಲ. ಅವರನ್ನು ನೆನೆಯಲು ನದಿ ದಡವೇ ಸಾಕು. ಸ್ಟೇಷನ್ನಿಂದ ಇಳಿದರೆ ಪಕ್ಕದಲ್ಲೇ ಪೀಟ್ ಮತ್ತು ತೋಷಿ ಸೀಗರ್ ಹೆಸರಿನ ಪಾರ್ಕ್. ಅಲ್ಲಿ ಅವತ್ತು ಬೀಕನ್ ಸ್ಲೂಪ್ ಕ್ಲಬ್ಬಿನವರ (ಸ್ಲೂಪ್ ಅಂದರೆ ಒಂದು ಬಗೆಯ ಹಾಯಿದೋಣಿ) ಕುಂಬಳಕಾಯಿ ಹಬ್ಬ.

ಇದಕ್ಕೆಂದೇ ಭಾನುವಾರ ಆರಿಸಿಕೊಂಡಿದ್ದೆವು. ಕಡುಕಿತ್ತಳೆ ಬಣ್ಣದ ಕುಂಬಳಕಾಯಿಗಳ ರಾಶಿ, ಪುಟ್ಟ ವೇದಿಕೆಯಲ್ಲಿ ಹಾಡು, ಹುಲ್ಲಿನ ಮೇಲೆ ಉರುಳಾಡುವ ಮಕ್ಕಳು. ಕುಂಬಳಕಾಯಿ ಪೈ ನನಗೆ ತುಂಬ ಹಿಡಿಸಿತು. ಚಕ್ಕೆ, ಲವಂಗ, ಶುಂಠಿ ಹಾಕಿ ಮೆತ್ತಗೆ ಬೇಯಿಸಿದ ಹೂರಣ. ಇನ್ನೊಂದು ತುಂಡು ತಗೊಂಡು ತಿರುಗುವಷ್ಟರಲ್ಲಿ ನದಿ ಕಡೆಯಿಂದ ಗಾಳಿ ಬೀಸಿ ಪೇಪರ್ ತಟ್ಟೆ ಹಾರಿತು. ಪೈ ಹುಲ್ಲಿನ ಮೇಲೆ ಬಿತ್ತು. ಯಾರದೋ ಕಂದು ನಾಯಿ ಬಂದು ಕ್ಷಣದಲ್ಲಿ ಮುಗಿಸಿತು. ಪೈ ಕೊಟ್ಟ ಹೆಂಗಸು ನಗುತ್ತ ಇನ್ನೊಂದು ತುಂಡು ಕೊಟ್ಟರು, ದುಡ್ಡು ತಗೊಳ್ಳಲಿಲ್ಲ.

ಅವರ ಜೊತೆ ಮಾತಿಗೆ ಕೂತೆವು. “ಪೀಟ್ ಇಲ್ಲಿ ಹಾಡೋದಕ್ಕಿಂತ ಜಾಸ್ತಿ ಕಸ ಹೆಕ್ಕುತ್ತಿದ್ದರು” ಅಂದರು. ಈ ಪಾರ್ಕ್ ಒಂದು ಕಾಲದಲ್ಲಿ ಕಸ ಸುರಿಯುವ ಜಾಗವಾಗಿತ್ತಂತೆ. ನದಿಯೂ ಹಾಗೇ ಇತ್ತು. ಮೇಲಿನ ಹಡ್ಸನ್ ದಡದ ಎರಡು ಕಾರ್ಖಾನೆಗಳಿಂದ 1977ರವರೆಗೆ ಪಿಸಿಬಿ ಅನ್ನುವ ವಿಷ ಹರಿದಿತ್ತು. ಸೀಗರ್ ಒಂದು ಯೋಚನೆ ಮಾಡಿದರು. ನದಿ ಉಳಿಸಿ ಅಂತ ಭಾಷಣ ಮಾಡಿದರೆ ಜನ ಬರುವುದಿಲ್ಲ. ಚೆಂದದ ಹಾಯಿದೋಣಿ ತಂದರೆ ನೋಡಲಾದರೂ ಬರುತ್ತಾರೆ. ಹಳೇ ಕಾಲದ ಹಡ್ಸನ್ ದೋಣಿಗಳ ಮಾದರಿಯಲ್ಲಿ, ಹಾಡಿ ಹಾಡಿ ದುಡ್ಡು ಕೂಡಿಸಿ, 106 ಅಡಿ ಉದ್ದದ ‘ಕ್ಲಿಯರ್‌ವಾಟರ್’ ಕಟ್ಟಿಸಿದರು. 1969ರಲ್ಲಿ ಅದು ನೀರಿಗಿಳಿಯಿತು. ಊರೂರಿಗೆ ದೋಣಿ ಹೋಗಿ ನಿಂತು, ಹಾಡಿನ ಜೊತೆ ಮಕ್ಕಳಿಗೆ ನದಿ ತೋರಿಸುವುದು ಇವತ್ತಿಗೂ ನಡೆದಿದೆ.

“ಆ ಕಟ್ಟಿಗೆ ನೋಡಿ” ಅಂತ ಕೈ ತೋರಿಸಿದರು. ನೀರಿನಲ್ಲಿ ತೇಲುತ್ತಿದ್ದ ತುಂಡೊಂದು ಉತ್ತರಕ್ಕೆ, ಅಂದರೆ ನದಿ ಹುಟ್ಟಿದ ಕಡೆಗೆ ಹೋಗುತ್ತಿತ್ತು. ಸಮುದ್ರದ ಭರತ ಟ್ರಾಯ್ ಊರಿನವರೆಗೂ ಏರುತ್ತದೆ, ಆಗ ನದಿ ಹಿಂದಕ್ಕೆ ಹರಿಯುತ್ತದೆ.

ಪ್ರತಿ ತಿಂಗಳ ಮೊದಲ ಶುಕ್ರವಾರ ಇಲ್ಲಿ ಕ್ಲಬ್ಬಿನ ಊಟ ಇರುತ್ತದಂತೆ. ಒಬ್ಬೊಬ್ಬರೂ ಒಂದೊಂದು ಅಡುಗೆ ತರಬೇಕು, ಉಂಡ ಮೇಲೆ ಎಲ್ಲರೂ ಹಾಡಬೇಕು. ಯಾರು ಬೇಕಾದರೂ ಬರಬಹುದು. ಅಕ್ಕನ ಮಗಳು ಅದನ್ನು ಫೋನಿನಲ್ಲಿ ಬರೆದುಕೊಂಡಳು.

ರಾತ್ರಿ ಮೇನ್ ಸ್ಟ್ರೀಟಿನ ಹತ್ತಿರ ಕೋಣೆ ಹಿಡಿದಿದ್ದೆವು. ಚಳಿ ಎಂಟು ಡಿಗ್ರಿಗೆ ಇಳಿದಿತ್ತು.

ಸೋಮವಾರ: ಪೀಕ್‌ಸ್ಕಿಲ್, ಕ್ರೋಟನ್

ವಾಪಸ್ ಬರುವ ದಾರಿಯಲ್ಲೇ ಪೀಕ್‌ಸ್ಕಿಲ್. ಸ್ಟೇಷನ್ನಿನ ಹತ್ತಿರ ಟ್ಯಾಕ್ಸಿ ಹಿಡಿದೆವು. ಚಾಲಕ ಈಕ್ವೆಡಾರ್‌ನವರು. ಈ ಊರಲ್ಲಿ ಅವರ ಕಡೆಯವರು ಬಹಳ ಜನ. ಹಾಲೊ ಬ್ರೂಕ್ ಗಾಲ್ಫ್ ಮೈದಾನಕ್ಕೆ ಅಂದಾಗ, “ಗಾಲ್ಫ್ ಆಡ್ತೀರಾ?” ಅಂತ ನಮ್ಮ ಬರಿಗೈ ನೋಡಿದರು. ಇಲ್ಲ, ಅಲ್ಲೊಂದು ಹಾಡಿನ ಕಚೇರಿ ನಡೆದಿತ್ತು ಅಂದೆ.

1949ರ ಆಗಸ್ಟ್ 27ರಂದು ಕಪ್ಪು ಗಾಯಕ ಪಾಲ್ ರೋಬ್ಸನ್ ಇಲ್ಲಿಗೆ ಹತ್ತಿರದ ಪಿಕ್ನಿಕ್ ಮೈದಾನದಲ್ಲಿ ಹಾಡಬೇಕಿತ್ತು. ಅವರು ಕಮ್ಯುನಿಸ್ಟರ ಪರ ಅಂತ ಸಿಟ್ಟಾದ ಗುಂಪೊಂದು ನುಗ್ಗಿ ಕೇಳಲು ಬಂದವರನ್ನು ಹೊಡೆಯಿತು, ಕುರ್ಚಿಗಳನ್ನೂ ಹಾಡಿನ ಪುಸ್ತಕಗಳನ್ನೂ ಸುಟ್ಟಿತು. ರೋಬ್ಸನ್ ಬಿಡಲಿಲ್ಲ. ಸೆಪ್ಟೆಂಬರ್ 4ರಂದು ಹಾಲೊ ಬ್ರೂಕ್‌ನಲ್ಲಿ ಮತ್ತೆ ಕಚೇರಿ. ಸುಮಾರು 20,000 ಜನ. ಕಾರ್ಮಿಕ ಸಂಘದವರು ಹೆಗಲಿಗೆ ಹೆಗಲು ಕೊಟ್ಟು ಸುತ್ತ ಕೋಟೆ ಕಟ್ಟಿ ನಿಂತರು. ಸೀಗರ್ ಹಾಡಿದರು, ರೋಬ್ಸನ್ ಹಾಡಿದರು, ಕಚೇರಿ ಚೆನ್ನಾಗಿ ಮುಗಿಯಿತು. ಹೊರಗೆ ಹೋಗುವ ರಸ್ತೆಯಲ್ಲಿ ಕಲ್ಲು ಗುಡ್ಡೆ ಹಾಕಿಕೊಂಡು ಕಾಯುತ್ತಿದ್ದರು. 140ಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. ಸೀಗರ್ ಕಾರಿನಲ್ಲಿ ತೋಷಿ, ಪುಟ್ಟ ಮಕ್ಕಳು, ಮಾವ. ಗಾಜುಗಳೆಲ್ಲ ಒಡೆದವು. ಲೀ ಹೇಸ್ ಮತ್ತು ವುಡಿ ಗಥ್ರಿ ಇದ್ದ ವಾಹನದಲ್ಲಿ, ಗಾಜು ಒಳಗೆ ಸಿಡಿಯದಿರಲಿ ಅಂತ ಗಥ್ರಿ ಕಿಟಕಿಗೆ ಅಂಗಿ ಸಿಕ್ಕಿಸಿದರು. ಅದರ ಬಣ್ಣ ಕೆಂಪು ಅಂತ ಹೇಸ್ ಆಮೇಲೆ ನೆನಪಿಸಿಕೊಂಡಿದ್ದಾರೆ. ಕಾರಿನೊಳಗೆ ಬಿದ್ದ ಕಲ್ಲುಗಳನ್ನು ಸೀಗರ್ ಎತ್ತಿಟ್ಟುಕೊಂಡು ಹೋಗಿ, ಬೀಕನ್ ಮನೆಯ ಒಲೆಯ ಚಿಮಣಿ ಕಟ್ಟುವಾಗ ಅದರೊಳಗೆ ಸೇರಿಸಿದರು. ಇದಾಗಿ ನಾಲ್ಕೇ ತಿಂಗಳಿಗೆ ವ್ಯಾನ್‌ಗಾರ್ಡ್ ಕರೆ ಬಂದದ್ದು.

ಮೈದಾನದ ಒಳಗೆ ಹೋಗಲಿಲ್ಲ, ರಸ್ತೆಯಿಂದಲೇ ನೋಡಿದೆವು. ಹುಲ್ಲು ನುಣ್ಣಗೆ ಕತ್ತರಿಸಿತ್ತು. ತಿರುವು ಮುರುವಿನ ಆ ರಸ್ತೆ ಎರಡು ಕಾರು ಹೋಗುವಷ್ಟೇ ಅಗಲ. ಎರಡೂ ಕಡೆ ಏರು, ಮರ. ತಪ್ಪಿಸಿಕೊಳ್ಳಲು ಜಾಗ ಎಲ್ಲಿತ್ತು ಅಂತ ನೋಡಿದರೆ ಎಲ್ಲೂ ಇರಲಿಲ್ಲ.

ಚಾಲಕರು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ವೀವರ್ಸ್ ಹೆಸರು ಅವರು ಕೇಳಿರಲಿಲ್ಲ. ಸೀಗರ್ ಅಂದರೂ ಗೊತ್ತಾಗಲಿಲ್ಲ. “ಗ್ವಾಂಟಾನಾಮೆರಾ?” ಅಂದೆ. 1963ರಲ್ಲಿ ಕಾರ್ನೆಗಿ ಹಾಲಿನಲ್ಲಿ ಸೀಗರ್ ಹಾಡಿ ಅಮೆರಿಕದವರಿಗೆಲ್ಲ ಕಲಿಸಿದ ಕ್ಯೂಬಾದ ಹಾಡು, ಹೊಸೆ ಮಾರ್ತಿ ಕವಿಯ ಸಾಲುಗಳು. ಅವರು ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತ ಜೋರಾಗಿ ಶುರು ಮಾಡಿಯೇ ಬಿಟ್ಟರು. ಪಲ್ಲವಿಗೆ ನಾವೂ ಸೇರಿದೆವು. ಕಲ್ಲು ಬಿದ್ದ ಅದೇ ರಸ್ತೆಯಲ್ಲಿ ಟ್ಯಾಕ್ಸಿಯ ಕಿಟಕಿ ತೆಗೆದು ಮೂವರೂ ಹಾಡಿಕೊಂಡು ಬಂದೆವು. ಈ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಆ ಹತ್ತು ನಿಮಿಷ.

ಅವರೇ ತೋರಿಸಿದ ಈಕ್ವೆಡಾರ್ ಹೋಟೆಲಿನಲ್ಲಿ ಊಟ. ‘ಯಾಪಿಂಗಾಚೊ’ ಅಂತ ಆಲೂಗಡ್ಡೆ, ಚೀಸ್ ಸೇರಿಸಿ ಕಾವಲಿ ಮೇಲೆ ಬೇಯಿಸಿದ ಬಿಲ್ಲೆಗಳು, ಜೊತೆಗೆ ಕಡಲೆಕಾಯಿ ಗೊಜ್ಜು. ಮಾಂಸ ಬೇಡ ಅಂತ ಮೊದಲೇ ಹೇಳಿದರೆ ಬರೀ ಇದನ್ನೇ ಕೊಡುತ್ತಾರೆ. ಕರಿಗಡುಬಿನ ಹಾಗೆ ಉಬ್ಬಿದ ಚೀಸ್ ಎಂಪನಾಡಾ ಮೇಲೆ ಸಕ್ಕರೆ ಉದುರಿಸಿ ಕೊಟ್ಟರು. ಎರಡು ಕಟ್ಟಿಸಿಕೊಂಡೆವು.

ಮಧ್ಯಾಹ್ನ ಕ್ರೋಟನ್-ಹಾರ್ಮನ್‌ನಲ್ಲಿ ಇಳಿದು ಕ್ರೋಟನ್ ಪಾಯಿಂಟ್ ಪಾರ್ಕಿಗೆ ನಡೆದೆವು. ಹಡ್ಸನ್ ಇಲ್ಲಿ ಕೆರೆಯಷ್ಟು ಅಗಲ. ಲೀ ಹೇಸ್ ಕೊನೆಯ ವರ್ಷಗಳನ್ನು ಕಳೆದ ಊರಿದು. ಸಕ್ಕರೆ ಕಾಯಿಲೆಯಿಂದ ಎರಡೂ ಕಾಲು ಹೋಗಿದ್ದವು. 1980ರಲ್ಲಿ ಅವರ ಮನೆಯಂಗಳದಲ್ಲಿ ಹಳೆಯ ನಾಲ್ವರೂ ಊಟಕ್ಕೆ ಸೇರಿದರು, ಸುಮ್ನೆ ಹಾಡಿದರು, ಇನ್ನೊಂದು ಸಲ ವೇದಿಕೆ ಹತ್ತೋಣ ಅಂದುಕೊಂಡರು. ನವೆಂಬರ್‌ನಲ್ಲಿ ಹೇಸ್ ಗಾಲಿಕುರ್ಚಿಯಲ್ಲಿ ಕಾರ್ನೆಗಿ ಹಾಲಿಗೆ ಬಂದು ಹಾಡಿದರು. ಮರುವರ್ಷ ಆಗಸ್ಟ್ 26ರಂದು ತೀರಿಕೊಂಡರು. ಸತ್ತ ಮೇಲೆ ತನ್ನ ಬೂದಿಯನ್ನು ಗೊಬ್ಬರಕ್ಕೆ ಸೇರಿಸಿ ಅಂತ ಪದ್ಯವನ್ನೇ ಬರೆದಿಟ್ಟಿದ್ದರು. ಗೆಳೆಯರು ಹಾಗೇ ಮಾಡಿದರು. ಸೀಗರ್ 2014ರಲ್ಲಿ ಹೋದರು, 94 ವರ್ಷ. ರಾನಿ ಗಿಲ್ಬರ್ಟ್ 2015ರಲ್ಲಿ, ಹೆಲ್ಲರ್‌ಮನ್ 2016ರಲ್ಲಿ.

ಎಂಪನಾಡಾ ತಣ್ಣಗಾಗಿದ್ದರೂ ರುಚಿ ಕೆಟ್ಟಿರಲಿಲ್ಲ. ರೈಲಿಗೆ ಹೊತ್ತಿತ್ತು. ಅಕ್ಕನ ಮಗಳು 1955ರ ರೆಕಾರ್ಡಿಂಗ್ ಹಾಕಿದಳು. ವೀವರ್ಸ್ ಹೊಸದಾಗಿ ಕೇಳುವವರು ಅಲ್ಲಿಂದಲೇ ಶುರು ಮಾಡಬೇಕು. ಡೆಕ್ಕಾ ಕಾಲದ ರೆಕಾರ್ಡುಗಳಲ್ಲಿ ಪಿಟೀಲುಗಳ ಗಲಾಟೆ ಜಾಸ್ತಿ. ಇದರಲ್ಲಿ ಬರೀ ನಾಲ್ಕು ದನಿ, ಒಂದು ಗಿಟಾರ್, ಒಂದು ಬ್ಯಾಂಜೊ. “ಈ ಹೆಂಗಸಿನ ದನಿ ಎಷ್ಟು ಗಟ್ಟಿ ಇದೆ ಚಿಕ್ಕಮ್ಮ, ಮೂರು ಗಂಡಸರ ಮಧ್ಯೆ ಒಂಚೂರೂ ಮುಳುಗಲ್ಲ” ಅಂದಳು.

ನವೆಂಬರ್ ಮೊದಲ ಶುಕ್ರವಾರ ನಾನು ಮೈಸೂರಿಗೆ ವಾಪಸ್ ಬಂದಾಗಿತ್ತು. ಅವಳು ಆಫೀಸಿನಿಂದ ಬೇಗ ಹೊರಟು, ಪುಳಿಯೋಗರೆ ಡಬ್ಬಿ ಹಿಡಿದು ಬೀಕನ್‌ಗೆ ಹೋಗಿದ್ದಳು. ಪೈ ಕೊಟ್ಟ ಹೆಂಗಸು ಗುರುತು ಹಿಡಿದರಂತೆ, ಪುಳಿಯೋಗರೆ ಖಾಲಿಯಾಯಿತಂತೆ. ಡಿಸೆಂಬರ್‌ಗೆ ಬಿಸಿಬೇಳೆಬಾತ್ ತರಬೇಕು ಅಂತ ಅವರೇ ಹೇಳಿ ಕಳಿಸಿದ್ದಾರೆ.